ಡ್ರೈಸೂಟ್ ಒಂದೇ ಮೈ ಬೆಚ್ಚಗಿಡುವುದಿಲ್ಲ: ಒಂದು ಸ್ಪಷ್ಟನೆ

ಡ್ರೈಸೂಟ್ ಅಂದರೆ ತಣ್ಣೀರಿನಲ್ಲಿ ದೋಣಿ ನಡೆಸುವವರು ಹಾಕುವ, ನೀರು ಒಳಬಿಡದ, ಮೈಮುಚ್ಚುವ ಉಡುಪು. "ಡ್ರೈಸೂಟ್ ಇದ್ದರೆ ಸಾಕು, ಒಳಗೆ ಟೀ-ಶರ್ಟ್ ಹಾಕಿದರೂ ಚಳಿ ತಾಗಲ್ಲ" ಎಂಬ ಮಾತು ಹೊಸದಾಗಿ ಕಯಾಕ್ (ಹುಟ್ಟು ಹಾಕುವ ಕಿರಿದಾದ ದೋಣಿ) ಹಿಡಿದವರ ನಡುವೆ ಓಡಾಡುತ್ತಿದೆ. ಇದು ತಪ್ಪು. ಜೀವಕ್ಕೇ ಕುತ್ತು ತರುವಂಥ ತಪ್ಪು.

ಡ್ರೈಸೂಟ್‌ನ ಕೆಲಸ ನೀರನ್ನು ಹೊರಗಿಡುವುದು, ಅಷ್ಟೇ. ಕಯಾಕಿಂಗ್ ಸೂಟ್‌ನ ಬಟ್ಟೆ ಹೆಚ್ಚುಕಮ್ಮಿ ಮಳೆ ಜಾಕೆಟ್‌ನಂತೆ ತೆಳು. ಬಿಸಿ ಹಿಡಿದಿಡುವುದು ಒಳಗೆ ಹಾಕುವ ಉಣ್ಣೆ ಅಥವಾ ಫ್ಲೀಸ್ (ಉಣ್ಣೆಯಂಥ ಮೆತ್ತನೆಯ ಸಿಂಥೆಟಿಕ್ ಬಟ್ಟೆ). ಹತ್ತಿ ಬೇಡವೇ ಬೇಡ. ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿಕೊಂಡು ತಣ್ಣಗಾಗುತ್ತದೆ. ಅಮೆರಿಕ-ಕೆನಡಾ ನಡುವಿನ ಸುಪೀರಿಯರ್ ಸರೋವರದಲ್ಲಿ ಮೇ ತಿಂಗಳಲ್ಲೂ ನೀರು 4 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ದಡದಲ್ಲಿ ಬಿಸಿಲು ಚೆನ್ನಾಗಿದೆ ಅಂತ ಬಟ್ಟೆ ಕಮ್ಮಿ ಮಾಡಬೇಡಿ. ಬೀಳುವುದು ನೀರಿಗೆ ಅಲ್ವಾ?

ಕೊಳ್ಳುವಾಗ ಫ್ಲೀಸ್ ಹಾಕಿಕೊಂಡೇ ಅಳತೆ ನೋಡಿ. ಕುತ್ತಿಗೆ, ಮಣಿಕಟ್ಟಿನ ಪಟ್ಟಿ ಲೇಟೆಕ್ಸ್ (ತೆಳು ರಬ್ಬರ್) ಆದರೆ ನೀರು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ಹಾಳಾಗುತ್ತದೆ. ಕುತ್ತಿಗೆಗೆ ನಿಯೋಪ್ರೀನ್ (ಮೆತ್ತನೆಯ ಕೃತಕ ರಬ್ಬರ್) ಇದ್ದರೆ ಹಿತ ಜಾಸ್ತಿ, ಸ್ವಲ್ಪ ನೀರು ಒಳಬರಬಹುದು. ನೀರಿಗಿಳಿಯುವ ಮುಂಚೆ ಕುಕ್ಕರಗಾಲಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಬೆರಳಿಂದ ಎಳೆಯಿರಿ. ಒಳಗಿನ ಗಾಳಿ ಬುಸ್ ಅಂತ ಹೊರಡುತ್ತದೆ. ಆಮೇಲೆ ಲೈಫ್ ಜಾಕೆಟ್. ಅದನ್ನು ಡ್ರೈಸೂಟ್ ಇದೆ ಅಂತ ಬಿಡುವ ಹಾಗಿಲ್ಲ.