ಎಲ್ಸಾದ ಕಲ್ಲುಮನೆ, ಐಹೊಳೆಯ ನೂರು ಮೀಟರು

ಇಲಿನಾಯ್ ರಾಜ್ಯದ ಮಿಸಿಸಿಪಿ ದಂಡೆಯಲ್ಲಿ ಎಲ್ಸಾ ಎಂಬ ಹಳ್ಳಿಯಿದೆ. ಸೇಂಟ್ ಲೂಯಿಸ್ ಸುತ್ತಲಿನ ಕನ್ನಡಿಗರು ಎಲೆ ಬಣ್ಣ ತಿರುಗಿದಾಗಲೋ, ಚಳಿಗಾಲದಲ್ಲಿ ಹದ್ದು ನೋಡಲೋ ಆ ನದಿ ರಸ್ತೆ ಹಿಡಿಯುತ್ತೇವೆ. ಊರೊಳಗೆ ಇಳಿದು ನಡೆಯುವವರು ಕಡಿಮೆ. ನಡೆಯಲೇಬೇಕಾದ ಊರು ಅದು. 1853ರಲ್ಲಿ ಜೇಮ್ಸ್ ಸೆಂಪಲ್, ತನ್ನ ಕಲ್ಲುಗಣಿಯ ಕಲ್ಲಿನಲ್ಲಿ ಮನೆ ಕಟ್ಟುವವರಿಗೆ ನಿವೇಶನ ಉಚಿತವೆಂದು ಸಾರಿದ. ಎರಡು ಬೀದಿಗಳ ಆ ಊರು 1973ರಲ್ಲಿ ಇಡಿಯಾಗಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿ ಸೇರಿತು. ಪ್ರವಾಸಿಗರು ಬರುತ್ತಾರೆ, ಹೋಗುತ್ತಾರೆ. ಆ ಮನೆಗಳಲ್ಲಿ ಜನ ಈಗಲೂ ಸಂಸಾರ ಮಾಡುತ್ತಿದ್ದಾರೆ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಮನೆಗೆ ರಕ್ಷಣೆ ಸಿಗುವುದಿಲ್ಲ. ಮಾಲೀಕ ತನ್ನ ಹಣದಲ್ಲಿ ಕೆಡವಿದರೆ ರಾಷ್ಟ್ರೀಯ ಪಟ್ಟಿ ತಡೆಯದು. ತಡೆಯಲು ಸ್ಥಳೀಯ ಕಟ್ಟಳೆಯೇ ಬೇಕು. ಮನೆ ಉಳಿಸಿಕೊಳ್ಳುವವನಿಗೆ ಆಸರೆಯಾಗುವುದು ತೆರಿಗೆ. ಬಾಡಿಗೆಗೆ ಕೊಟ್ಟ ಅಥವಾ ವಸತಿಗೃಹ ಮಾಡಿದ ಹಳೆಯ ಕಟ್ಟಡವಾದರೆ, ದುರಸ್ತಿ ಖರ್ಚಿನ ಶೇ. 20ರಷ್ಟಕ್ಕೆ ಅಮೆರಿಕದ ಕೇಂದ್ರ ಸರ್ಕಾರದಿಂದ ತೆರಿಗೆ ರಿಯಾಯಿತಿ ಉಂಟು. ಸ್ವಂತ ವಾಸದ ಮನೆಗೆ ಅದಿಲ್ಲ. ಅಂಥವರಿಗೆ ಇಲಿನಾಯ್ ರಾಜ್ಯದ್ದೇ ಬೇರೆ ದಾರಿ: ಮನೆಯ ಬೆಲೆಯ ಕಾಲುಭಾಗದಷ್ಟಾದರೂ ಅನುಮೋದಿತ ದುರಸ್ತಿಗೆ ಖರ್ಚಾದರೆ, ಆಸ್ತಿ ತೆರಿಗೆಗೆ ಲೆಕ್ಕ ಹಿಡಿಯುವ ಮನೆಯ ಮೌಲ್ಯವನ್ನು ಎಂಟು ವರ್ಷ ಏರಿಸುವುದಿಲ್ಲ.

ದುರಸ್ತಿಯೆಂದರೆ ಮುಖ್ಯವಾಗಿ ಗಾರೆ. ಹಳೆಯ ಸುಣ್ಣಕಲ್ಲಿನ ಗೋಡೆಯ ಸಂದಿಗೆ ಸಿಮೆಂಟ್ ತುಂಬಿದರೆ ನೀರು ಹೊರಬರುವ ದಾರಿ ಮುಚ್ಚುತ್ತದೆ. ಒಳಗುಳಿದ ನೀರು ಹಿಮಕ್ಕೆ ಹೆಪ್ಪುಗಟ್ಟಿ ಹಿಗ್ಗಿದಾಗ, ಗಟ್ಟಿ ಸಿಮೆಂಟ್ ಹಾಗೇ ನಿಂತು ಕಲ್ಲಿನ ಮುಖವೇ ಚಕ್ಕೆ ಏಳುತ್ತದೆ. ಅದಕ್ಕೇ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೈ ಉಳಿಯಿಂದ ಕೆರೆಯಬೇಕು. ಕಟಿಂಗ್ ಯಂತ್ರ ಹಚ್ಚಿದರೆ ಕಲ್ಲಿನ ಅಂಚು ಹಾಳು. ಸಂದಿ ನೆನೆಸಿ, ಕಾಲಿಂಚು ದಪ್ಪದ ಪದರಗಳಾಗಿ ಒತ್ತಿ ತುಂಬಿ, ಕೆಲವು ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ದಿನಗಳಲ್ಲಿ ಈ ಕೆಲಸ ಹಿಡಿಯಬಾರದು.

ನಮ್ಮ ಐಹೊಳೆಯಲ್ಲಿ ಹಿಮವಿಲ್ಲ, ಆದರೆ ಮರಳುಗಲ್ಲಿಗೆ ಸಿಮೆಂಟ್ ಅಷ್ಟೇ ಕೇಡು: ತೇವ, ಉಪ್ಪು ಎರಡೂ ಒಳಗೇ ಉಳಿದು ಕಲ್ಲು ಪುಡಿಪುಡಿಯಾಗುತ್ತದೆ. ಅಲ್ಲಿ ಗುಡಿಗಳ ನಡುವೆಯೇ ಜನ ಬದುಕಿದವರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ವಾಸವಿದ್ದವನಿಂದ. ನಮ್ಮ ಕಾನೂನಿನ ಕಣ್ಣಿಗೆ ಮಾತ್ರ ಗುಡಿ ಸ್ಮಾರಕ, ಪಕ್ಕದ ಕಲ್ಲುಮನೆ ತೊಡಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರೊಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರೂ ನಿಯಂತ್ರಿತ. ಗುಡಿ ಉಳಿಯಲು ಈ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಮನೆಯವರಿಗೆ ಬೇಡ ಎನ್ನುವುದಷ್ಟೇ ಸಿಕ್ಕರೆ ಅವರೇಕೆ ಉಳಿದಾರು? ಹಂಪಿ ಬಜಾರಿನ ಸಾಲುಮಂಟಪಗಳಿಂದ 2011ರಲ್ಲಿ ಕುಟುಂಬಗಳನ್ನು ಎಬ್ಬಿಸಿದ್ದನ್ನು ನೋಡಿದವರಿಗೆ ಈ ಭಯ ಹೊಸದಲ್ಲ.

ಐಹೊಳೆ, ಪಟ್ಟದಕಲ್ಲು, ಬಾದಾಮಿಯ ಹಳೆಯ ಕಲ್ಲುಮನೆಗಳನ್ನು ಮೊದಲು ಪಟ್ಟಿ ಮಾಡಬೇಕು. ಸುಣ್ಣದ ಗಾರೆಯಲ್ಲಿ ದುರಸ್ತಿ ಮಾಡಿಸಿದವರಿಗೆ ಎಂಟು ವರ್ಷ ಮನೆಗಂದಾಯ ಏರಿಸದಿರಲಿ. ಹೊರೆ ಪಂಚಾಯಿತಿ ಮೇಲೆ ಬೀಳದಂತೆ ಸರ್ಕಾರ ತುಂಬಿಕೊಡಲಿ. ಅರ್ಜಿ ನಮೂನೆ ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ. ಸುಣ್ಣ ಕಲಸಬಲ್ಲ ಗೌಂಡಿಗಳು ಊರಲ್ಲಿ ಇನ್ನೂ ಇದ್ದರೆ, ದಿನಗೂಲಿ ಕೊಟ್ಟು ಹುಡುಗರಿಗೆ ಅವರಿಂದಲೇ ಕಲಿಸಬೇಕು.