ಕಬ್ಬು ಕಡಿಯುವವನ ಕೂಲಿ ಯಾಕೆ ಏರಲಿಲ್ಲ?

ಯಾರ ಬಗ್ಗೆಯಾದರೂ "ಸಾಮಾನ್ಯ ಮನೆಯಿಂದ ಬಂದು ನೊಬೆಲ್ ಗೆದ್ದವರು" ಅಂತ ಹೇಳಿದರೆ ಸಾಕು, ಮುಂದಿನದನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ಕಷ್ಟಪಟ್ಟರು, ಓದಿದರು, ಗೆದ್ದರು. ಮುಗೀತು. ಸರ್ ಆರ್ಥರ್ ಲೂಯಿಸ್ ಅವರಿಗೂ ಇದೇ ಆಗಿದೆ. ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮೊದಲ ಕಪ್ಪುವರ್ಣೀಯ, ಮೊದಲ ಅದು, ಮೊದಲ ಇದು ಅಂತ ಪಟ್ಟಿ ಸಿಗುತ್ತದೆ. ಅವರು ಹೇಳಿದ್ದಾದರೂ ಏನು ಅಂದರೆ, ವಿಷಯ ಓದಿದವರು ಕೂಡ "ಹೊಲದಲ್ಲಿ ಜಾಸ್ತಿಯಾದ ಜನರನ್ನು ಕಾರ್ಖಾನೆಗೆ ಕಳಿಸಿ ಅಂದವರು ಅಲ್ವಾ" ಅನ್ನುತ್ತಾರೆ. ಅದು ಅರ್ಧ ಮಾತ್ರ. ನನಗೆ ದೊಡ್ಡದು ಅನಿಸುವುದು ಉಳಿದರ್ಧ.

ಲೂಯಿಸ್ ಹುಟ್ಟಿದ್ದು 1915ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದ ಕ್ಯಾಸ್ಟ್ರೀಸ್ ಪಟ್ಟಣದಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಅಪ್ಪ, ಅಮ್ಮ ಇಬ್ಬರೂ ಆಂಟಿಗಾದಿಂದ ಬಂದ ಶಾಲಾ ಶಿಕ್ಷಕರು. ಹೊಟ್ಟೆಗೆ ಗತಿಯಿಲ್ಲದ ಮನೆಯೇನಲ್ಲ. ಆದರೆ ಹುಡುಗನಿಗೆ ಏಳು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು. ಐದು ಗಂಡುಮಕ್ಕಳನ್ನು ಸಾಕುವ ಭಾರ ಅಮ್ಮನ ಮೇಲೆ ಬಿತ್ತು. ತಾನು ಕಂಡವರಲ್ಲೇ ಅತಿ ಹೆಚ್ಚು ದುಡಿದವರು, ಅತಿ ಶಿಸ್ತಿನವರು ಅಮ್ಮ ಅಂತ ಲೂಯಿಸ್ ಆಮೇಲೆ ಬರೆದರು.

ಅಪ್ಪ ಇದ್ದಾಗಿನ ಒಂದು ಸಂಗತಿ ನನಗೆ ಬಹಳ ಇಷ್ಟ. ಹುಡುಗ ಕಾಯಿಲೆ ಬಿದ್ದು ಶಾಲೆಗೆ ಹೋಗಲು ಆಗಲಿಲ್ಲ. ಪಾಠ ತಪ್ಪಬಾರದು ಅಂತ ಅಪ್ಪ ಮನೆಯಲ್ಲೇ ಕೂರಿಸಿ ದಿನಾ ಕಲಿಸಿದರು. ವಾಪಸ್ ಶಾಲೆಗೆ ಹೋದಾಗ ನಾಲ್ಕನೇ ತರಗತಿಯ ಹುಡುಗನನ್ನು ನೇರ ಆರನೆಯದಕ್ಕೆ ಹಾಕಿದರು. ಒಬ್ಬ ಮೇಷ್ಟ್ರು ಒಬ್ಬನಿಗೇ ಕೂತು ಕಲಿಸಿದರೆ ಇಷ್ಟಾಗುತ್ತದೆ. ಇದರಿಂದ ಹದಿನಾಲ್ಕಕ್ಕೇ ಓದು ಮುಗಿಯಿತು, ಆದರೆ ಸ್ಕಾಲರ್‌ಶಿಪ್ ಪರೀಕ್ಷೆಗೆ ವಯಸ್ಸು ಸಾಲದು. ಸರಿ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡರು. ಟೈಪಿಂಗ್, ಫೈಲ್ ಜೋಡಿಸುವುದು, ಅಚ್ಚುಕಟ್ಟಾಗಿ ಬರೆಯುವುದು ಎಲ್ಲ ಕಲಿತದ್ದು ಅಲ್ಲೇ. ಅವರ ಬರಹದಲ್ಲಿ ಒಂದು ಮಾತೂ ಹೆಚ್ಚಿಗೆ ಇರುವುದಿಲ್ಲ. ಅದು ಆ ಗುಮಾಸ್ತಿಕೆಯ ಕೊಡುಗೆ ಅಂತ ನನ್ನ ಗುಮಾನಿ.

1932ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ಆಸೆ ಇದ್ದದ್ದು ಎಂಜಿನಿಯರ್ ಆಗಲು. ಆದರೆ ಕಪ್ಪು ಎಂಜಿನಿಯರನ್ನು ಸರ್ಕಾರವೂ ತೆಗೆದುಕೊಳ್ಳುತ್ತಿರಲಿಲ್ಲ, ಬಿಳಿಯರ ಕಂಪನಿಗಳೂ ತೆಗೆದುಕೊಳ್ಳುತ್ತಿರಲಿಲ್ಲ. ಓದಿ ಏನು ಪ್ರಯೋಜನ? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಾಣಿಜ್ಯ ಪದವಿ ಆರಿಸಿಕೊಂಡರು. ಅದರ ಪಾಠಪಟ್ಟಿಯಲ್ಲಿ ಅರ್ಥಶಾಸ್ತ್ರ ಎಂಬುದೊಂದಿತ್ತು. ಅದು ಏನು ಅಂತ ಅವರಿಗೂ ಗೊತ್ತಿರಲಿಲ್ಲ, ಊರಿನಲ್ಲಿ ಹೇಳುವವರೂ ಇರಲಿಲ್ಲ. 1937ರಲ್ಲಿ ಫಸ್ಟ್ ಕ್ಲಾಸ್, ಮರುವರ್ಷ ಅಲ್ಲೇ ಮೇಷ್ಟ್ರು, 1948ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರೊಫೆಸರ್. ಆಗ ವಯಸ್ಸು 33.

ಈಗ ಆ ಉಳಿದರ್ಧಕ್ಕೆ ಬರೋಣ. 1930ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳ ಉದ್ದಕ್ಕೂ ಕೂಲಿಕಾರರ ಮುಷ್ಕರ, ಗಲಭೆ ನಡೆದವು. ಲೂಯಿಸ್ ಅದರ ಬಗ್ಗೆ 1939ರಲ್ಲೇ ಒಂದು ಕಿರುಪುಸ್ತಕ ಬರೆದಿದ್ದರು. ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಅಲ್ಲಿಗೆ ಹಿಂದಿನ 75 ವರ್ಷಗಳಲ್ಲಿ ಎಕರೆಗೆ ಬರುವ ಕಬ್ಬಿನ ಸಕ್ಕರೆ ಸುಮಾರು ಮೂರು ಪಟ್ಟಾಗಿದೆ. ಗೋಧಿಯಲ್ಲಿ ಇಂಥ ಸುಧಾರಣೆ ಆಗಿಲ್ಲ. ಹಾಗಿದ್ದೂ ಕಬ್ಬಿನ ಕೆಲಸದವನು ಬರಿಗಾಲಲ್ಲಿ ಓಡಾಡುತ್ತಾನೆ, ಗುಡಿಸಲಲ್ಲಿ ಮಲಗುತ್ತಾನೆ. ಗೋಧಿ ಬೆಳೆಯುವವನು ಜಗತ್ತಿನಲ್ಲೇ ಚೆನ್ನಾಗಿ ಬದುಕುವವರ ಸಾಲಿನಲ್ಲಿದ್ದಾನೆ. ಯಾಕೆ?

ಉತ್ತರ ಹೊಳೆದದ್ದು 1952ರಲ್ಲಿ, ಬ್ಯಾಂಕಾಕ್‌ನ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ. 1954ರಲ್ಲಿ ಅದು ಲೇಖನವಾಗಿ ಬಂತು. ಸರಳವಾಗಿ ಹೇಳುತ್ತೇನೆ. ಕಬ್ಬು ಕಡಿಯುವವನು ಎಷ್ಟು ಚೆನ್ನಾಗಿ ಕಡಿಯುತ್ತಾನೆ ಅನ್ನುವುದರ ಮೇಲೆ ಅವನ ಕೂಲಿ ನಿಂತಿಲ್ಲ. ಈ ಕೆಲಸ ಬಿಟ್ಟು ಮನೆಗೆ ಹೋದರೆ ಅವನಿಗೆ ಎಷ್ಟು ಸಿಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಮನೆಯ ತುಂಡು ಹೊಲದಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡು ಉಣ್ಣುವುದು ಇಷ್ಟೇ ಇಷ್ಟು. ಅದಕ್ಕಿಂತ ಶೇಕಡಾ 30ರಷ್ಟು ಜಾಸ್ತಿ ಕೊಟ್ಟರೆ ಮಾಲೀಕನಿಗೆ ಬೇಕಾದಷ್ಟು ಜನ ಬರುತ್ತಾರೆ. ಇನ್ನೂ ಹೆಚ್ಚು ಯಾಕೆ ಕೊಡುತ್ತಾನೆ? ಒಳ್ಳೆಯ ಕಬ್ಬಿನ ತಳಿ ಬಂದರೆ ಅದರ ಲಾಭ ಮಾಲೀಕನಿಗೆ, ಇಲ್ಲವೇ ದೂರದ ದೇಶದಲ್ಲಿ ಅಗ್ಗದ ಸಕ್ಕರೆ ಕೊಳ್ಳುವವನಿಗೆ. ಕಡಿಯುವವನಿಗೆ ಏನೂ ಇಲ್ಲ.

ಈ ಲೇಖನದಲ್ಲಿ ಬರುವ ಜನರನ್ನು ನೋಡಬೇಕು. ಬಂದರಿನಲ್ಲಿ ಕೆಲಸಕ್ಕೆ ಕಾಯುವವರು. ನೀವು ಕಂಡೊಡನೆ "ಬ್ಯಾಗ್ ನಾನು ಹೊರ್ತೀನಿ" ಅಂತ ಓಡಿ ಬರುವ ಹುಡುಗರು. ನಾಲ್ಕು ಸಾಮಾನು ಇಟ್ಟುಕೊಂಡು ಕೂತ ಚಿಲ್ಲರೆ ವ್ಯಾಪಾರಿಗಳು. ಇವರಲ್ಲಿ ಅರ್ಧ ಜನ ಹೋದರೂ ಕೆಲಸ ನಿಲ್ಲುವುದಿಲ್ಲ ಅನ್ನುತ್ತಾರೆ ಲೂಯಿಸ್. ಯಾರೂ ಸೋಮಾರಿಗಳಲ್ಲ. ಇರುವ ಸ್ವಲ್ಪ ಕೆಲಸವನ್ನೇ ತುಂಬಾ ಜನ ಹಂಚಿಕೊಂಡಿದ್ದಾರೆ, ಅಷ್ಟೇ. ಅರ್ಥಶಾಸ್ತ್ರದ ಬರಹದಲ್ಲಿ ಇಷ್ಟು ಹತ್ತಿರದಿಂದ ಕಂಡ ಮನುಷ್ಯರು ಸಿಗುವುದು ಅಪರೂಪ.

ಇಲ್ಲಿಂದ ಹೊರಡುವ ತೀರ್ಮಾನವನ್ನೇ ನಾವು ಮರೆತಿರುವುದು. ಕೂಲಿ ಏರಬೇಕಾದರೆ ಮನೆಯ ಆ ತುಂಡು ಹೊಲದಲ್ಲಿ ಬೆಳೆಯುವ ಆಹಾರ ಹೆಚ್ಚಬೇಕು. ಸಣ್ಣ ರೈತನ ಗಳಿಕೆ ಏರಿದರೆ ತೋಟದವನು, ಗಣಿಯವನು, ಕಾರ್ಖಾನೆಯವನು ಎಲ್ಲರೂ ಕೂಲಿ ಏರಿಸಲೇಬೇಕು. ಆದ್ದರಿಂದಲೇ ದೊಡ್ಡ ತೋಟದ ಮಾಲೀಕರಿಗೆ ಸಣ್ಣ ರೈತರ ಕೈಗೆ ಹೊಸ ಬೀಜ, ಹೊಸ ತಿಳಿವಳಿಕೆ ಸೇರುವುದು ಬೇಕಿಲ್ಲ ಅಂತ ಅದೇ ಲೇಖನದಲ್ಲಿ ನೇರವಾಗಿ ಬರೆದರು. 1954ರಲ್ಲಿ, ವಸಾಹತುಗಳು ಇನ್ನೂ ಇದ್ದಾಗ!

ಇದು ಬರೀ ಕಾಗದದ ಮಾತೂ ಅಲ್ಲ. ಈಗ ಘಾನಾ ಆಗಿರುವ ಗೋಲ್ಡ್ ಕೋಸ್ಟ್‌ನಲ್ಲಿ ಕೈಗಾರಿಕೆ ಬೆಳೆಸುವುದು ಹೇಗೆ ಅಂತ ವರದಿ ಕೇಳಿದ್ದರು. 1953ರ ಆ ವರದಿಯಲ್ಲಿ ಲೂಯಿಸ್ ಕೊಟ್ಟ ಮೊದಲ ಸಲಹೆ: ಮೊದಲು ಆಹಾರ ಬೆಳೆಯುವ ರೀತಿ ಸುಧಾರಿಸಿ. ಎರಡನೆಯದು ಸಾರ್ವಜನಿಕ ಸೌಕರ್ಯ. ಕಾರ್ಖಾನೆ ಆಮೇಲೆ. ಕೇಳಿದವರಿಗೆ ಇದು ರುಚಿಸಿರಲಾರದು.

1957ರಲ್ಲಿ ಘಾನಾ ಸ್ವತಂತ್ರವಾಯಿತು. ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಅವರಿಗೆ ಆರ್ಥಿಕ ಸಲಹೆಗಾರರಾಗಿ ಲೂಯಿಸ್ ಹೋದರು. ಹೊಸ ದೇಶ, ದೊಡ್ಡ ಕನಸು, ಕೋಕೋ ಮಾರಿದ ದುಡ್ಡು. ಪ್ರತಿಷ್ಠೆಯ ಯೋಜನೆಗಳಿಗೆ ಹಣ ಸುರಿಯುವುದನ್ನು ಲೂಯಿಸ್ ಒಪ್ಪಲಿಲ್ಲ, ಬಾಯಿಬಿಟ್ಟು ಹೇಳಿದರು. ನಿಮ್ಮ ಸಲಹೆ ಸರಿ ಇರಬಹುದು, ಆದರೆ ನಾನು ರಾಜಕಾರಣಿ, ಭವಿಷ್ಯದ ಮೇಲೆ ಜೂಜಾಡಲೇಬೇಕು ಎಂಬರ್ಥದಲ್ಲಿ ಎನ್‌ಕ್ರುಮಾ ಪತ್ರ ಬರೆದರು. ಅವಧಿ ಮುಗಿಯುವ ಮೊದಲೇ, 1958ರ ಕೊನೆಗೆ ಲೂಯಿಸ್ ಹೊರಟುಬಿಟ್ಟರು. ಎನ್‌ಕ್ರುಮಾ ಸುಳ್ಳು ಹೇಳಲಿಲ್ಲ ಅನ್ನುವುದನ್ನು ಮೆಚ್ಚಬೇಕು. ಆದರೂ ನನ್ನ ಓಟು ಲೂಯಿಸ್ ಅವರಿಗೇ. ಕುರ್ಚಿಗೆ ಅಂಟಿಕೊಂಡು ತಲೆಯಾಡಿಸುವ ಸಲಹೆಗಾರರು ಯಾವ ಕಾಲಕ್ಕೂ ಬೇಕಾದಷ್ಟು ಸಿಗುತ್ತಾರೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. 1962ರಲ್ಲಿ ಅದು ಲಂಡನ್ನಿನ ಹಿಡಿತದಿಂದ ಹೊರಬಂದಾಗ ಮೊದಲ ಕುಲಪತಿ ಅವರೇ. ಕೆರಿಬಿಯನ್ ದ್ವೀಪಗಳ ಒಕ್ಕೂಟ ಉಳಿಸಲು ಓಡಾಡಿದರು, ಆಗಲಿಲ್ಲ. 1963ರಿಂದ ಪ್ರಿನ್ಸ್‌ಟನ್‌ನಲ್ಲಿ ಪಾಠ. ಮಧ್ಯೆ ಕೆರಿಬಿಯನ್ ಅಭಿವೃದ್ಧಿ ಬ್ಯಾಂಕಿನ ಮೊದಲ ಅಧ್ಯಕ್ಷರು. 1991ರಲ್ಲಿ ಬಾರ್ಬಡೋಸ್‌ನಲ್ಲಿ ತೀರಿಕೊಂಡರು.

ನೊಬೆಲ್ ಬಂದದ್ದು 1979ರಲ್ಲಿ, ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಜ್ ಜೊತೆ ಹಂಚಿಕೊಂಡು. ತಮಾಷೆ ಏನೆಂದರೆ, ಹಳ್ಳಿಯಲ್ಲಿ ಹೆಚ್ಚುವರಿ ಜನ ಇದ್ದಾರೆ ಅನ್ನುವ ಮಾತನ್ನು ಗಟ್ಟಿಯಾಗಿ ವಿರೋಧಿಸಿದವರೇ ಈ ಶುಲ್ಟ್ಜ್. ಅವರು ಸಾಕ್ಷಿ ತಂದದ್ದು ಭಾರತದಿಂದ. 1918-19ರ ಇನ್‌ಫ್ಲುಯೆಂಜಾದಲ್ಲಿ ಕೋಟಿಗೂ ಹೆಚ್ಚು ಜನ ಸತ್ತ ಮೇಲೆ ಬಿತ್ತನೆಯ ಭೂಮಿ ಕಡಿಮೆಯಾಯಿತು, ಅಂದರೆ ಆ ಕೈಗಳು ಬೇಕಾಗಿದ್ದವು ಅಂತ ವಾದಿಸಿದರು. ಅಮರ್ತ್ಯ ಸೇನ್ ಈ ಲೆಕ್ಕಾಚಾರವನ್ನು ಪ್ರಶ್ನಿಸಿದರು. ಲೂಯಿಸ್ ಹೇಳಿದ್ದು ಇಷ್ಟೇ: ಕೈಗಳು ಪೂರ್ತಿ ಬೇಡದವು ಅಂತ ನಾನು ಸಾಧಿಸಬೇಕಿಲ್ಲ, ಇದ್ದ ಕೂಲಿಗೆ ಬೇಕಾದದ್ದಕ್ಕಿಂತ ಜಾಸ್ತಿ ಜನ ಬರುತ್ತಾರೆ ಅನ್ನುವುದು ಸಾಕು. ನನಗೂ ಅಷ್ಟೇ ಸಾಕು ಅನಿಸುತ್ತದೆ. ಶುಲ್ಟ್ಜ್ ಅವರ ಆಕ್ಷೇಪದಿಂದ ಸಿದ್ಧಾಂತದ ಒಂದು ತುದಿ ಮುರಿಯಬಹುದು, ಕಬ್ಬು ಮತ್ತು ಗೋಧಿಯ ಪ್ರಶ್ನೆ ಮುರಿಯುವುದಿಲ್ಲ.

ಓದುವ ಮನಸ್ಸಿದ್ದರೆ ಜೀವನಚರಿತ್ರೆಗಿಂತ ಮೊದಲು ಆ 1954ರ ಲೇಖನವನ್ನೇ ತೆಗೆದುಕೊಳ್ಳಿ. ಸುಮಾರು ಐವತ್ತು ಪುಟ, ಒಂದಷ್ಟು ರೇಖಾಚಿತ್ರ. ಅವನ್ನು ಹಾರಿಸಿ ಓದಿದರೂ ಅರ್ಥವಾಗುತ್ತದೆ. ಕಬ್ಬಿನ ಮಾತು ಬರುವುದು ಕೊನೆಯ ಭಾಗದಲ್ಲಿ, ಮಧ್ಯದಲ್ಲೇ ಬಿಟ್ಟುಬಿಡಬೇಡಿ.