ಬೈಕಿಗೆ ಕಟ್ಟುವ ಹಾಸಿಗೆ

ಬೈಕಿನಲ್ಲಿ ಟೆಂಟ್ ಕಟ್ಟಿಕೊಂಡು ಹೊರಡುವವರಿಗೆ ಗ್ರಾಂ ಲೆಕ್ಕದ ಹುಚ್ಚು ಹಿಡಿದರೆ ಬೇಗ ಬಿಡುವುದಿಲ್ಲ. ನನ್ನ ಗೆಳೆಯನೊಬ್ಬ ಸ್ಲೀಪಿಂಗ್ ಬ್ಯಾಗನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಇನ್ನೂರು ಗ್ರಾಂ ಕಡಿಮೆಯಾಗುತ್ತದೆಂದರೆ ಎರಡು ಪಟ್ಟು ದುಡ್ಡು ಕೊಡಲೂ ತಯಾರು. ಅವನು ಓಡಿಸುವ ಹಿಮಾಲಯನ್ ಬೈಕೇ ಸುಮಾರು 200 ಕಿಲೋ ಇದೆ. ಅವನ ಹೊಟ್ಟೆಯ ಮಾತು ಬಿಡಿ. ಬೆನ್ನ ಮೇಲೆ ಹೊತ್ತುಕೊಂಡು ಕುಮಾರಪರ್ವತ ಹತ್ತುವವನಿಗಾದರೆ ಗ್ರಾಂ ಮುಖ್ಯ. ಇಲ್ಲಿ ಹೊರುವುದು ಇಂಜಿನ್ ಅಲ್ವಾ?

ಬೈಕಿನವನಿಗೆ ನಿಜವಾದ ತಲೆನೋವು ಗಾತ್ರ. ಬೈಕಿನ ಎರಡು ಬದಿಗೆ ಕಟ್ಟುವ ಸ್ಯಾಡಲ್ ಬ್ಯಾಗಿನಲ್ಲಿ ಹಿಡಿಸದ್ದೆಲ್ಲ ಹಿಂದಿನ ಸೀಟಿನ ಮೇಲೇರುತ್ತದೆ. ಅಲ್ಲಿ ಹೊರೆ ಎತ್ತರವಾದಷ್ಟೂ ತಿರುವುಗಳಲ್ಲಿ ಬೈಕ್ ವಾಲಾಡುತ್ತದೆ. ಸೈಡಿಗೆ ಜೋತುಬಿದ್ದರೆ ಸೈಲೆನ್ಸರ್ ತಾಗಿ ನೈಲಾನ್ ಕರಗುತ್ತದೆ. ಇದೆಲ್ಲಕ್ಕಿಂತ ಮಾನ ಹೋಗುವುದು ಹತ್ತುವಾಗ. ದಿನವಿಡೀ ಓಡಿಸಿ ಮರಗಟ್ಟಿದ ಕಾಲನ್ನು ಆ ಗೋಪುರದ ಮೇಲಿಂದ ದಾಟಿಸಬೇಕು. ಚಹಾ ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿರುವಾಗಲೇ ಅದು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಬಾತುಕೋಳಿಯ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗಿನ ಮೇಲೆ ಎಲ್ಲರ ಕಣ್ಣು. ಒತ್ತಿ ಕಟ್ಟಿದರೆ ಎಷ್ಟು ಚಿಕ್ಕದಾಗುತ್ತದೆ! ಆದರೆ ತುಪ್ಪುಳ ಒದ್ದೆಯಾದರೆ ಮುದ್ದೆ ಕಟ್ಟುತ್ತದೆ, ಆಮೇಲೆ ಬೆಚ್ಚಗಿಡುವ ಕೆಲಸ ಮರೆತುಬಿಡುತ್ತದೆ. ಮಲೆನಾಡಿನ ಇಬ್ಬನಿಗೆ ಸಿಂಥೆಟಿಕ್ಕೇ ವಾಸಿ. ಸ್ವಲ್ಪ ದಪ್ಪ, ನಿಜ. ಒದ್ದೆಯಾದರೂ ಪೂರ್ತಿ ಕೈಬಿಡುವುದಿಲ್ಲ.

ಕೊಳ್ಳುವಾಗ ಚೀಟಿ ಓದಬೇಕು. ಅದರಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಅಂಕಿ ಇರುತ್ತವೆ, ಎಷ್ಟು ಡಿಗ್ರಿ ಚಳಿಗೆ ಬ್ಯಾಗ್ ಆಗುತ್ತದೆ ಅಂತ. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯ ಮಾತಲ್ಲ, ರಾತ್ರಿ ಕಳೆದು ಜೀವ ಉಳಿಸಿಕೊಳ್ಳುವ ಮಾತು. ಅಂಗಡಿಯವರಿಗೆ ಅದೇ ಅಂಕಿ ಇಷ್ಟ. ನೀವು ನೋಡಬೇಕಾದ್ದು ಹಾಯಾಗಿ ನಿದ್ದೆ ಬರುವ ಕಂಫರ್ಟ್. ಚಿಕ್ಕಮಗಳೂರಿನ ಬೆಟ್ಟಗಳಿಗೆ 10 ಡಿಗ್ರಿಯದು ಸಾಕಾಗುತ್ತದೆ. ಮನಾಲಿ–ಲೇಹ್ ದಾರಿಯ ಸರ್ಚು ಸುಮಾರು 4,300 ಮೀಟರ್ ಎತ್ತರದಲ್ಲಿದೆ, ಅಲ್ಲಿ ಅದೇ ಬ್ಯಾಗ್ ಬರೀ ಹೊದಿಕೆಯ ಚೀಲ.

ಇಷ್ಟೆಲ್ಲ ಬ್ಯಾಗಿನ ಮೇಲೆ ತಲೆ ಕೆಡಿಸಿಕೊಂಡವರು ಕೆಳಗೆ ಹಾಸುವುದನ್ನು ಮಾತ್ರ ಸುಮ್ನೆ ಸಿಕ್ಕಿದ್ದು ತರುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಬ್ಯಾಗ್ ತಾನಾಗಿ ಕಾಯುವ ಒಲೆಯಲ್ಲ. ಅದರೊಳಗೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ನಾವು ಮಲಗಿದ ತಕ್ಷಣ ಬೆನ್ನಡಿಯ ಭಾಗ ಅಪ್ಪಚ್ಚಿ. ಗಾಳಿಯೇ ಇಲ್ಲದ ಮೇಲೆ ಬಿಸಿ ಎಲ್ಲಿಂದ ಉಳಿಯಬೇಕು? ನೆಲ ರಾತ್ರಿಯಿಡೀ ಮೈಬಿಸಿ ಹೀರುತ್ತದೆ. ಮೇಲೆ ಎಂಥ ದುಬಾರಿ ಹೊದಿಕೆ ಇದ್ದರೂ ಬೆನ್ನು ತಣ್ಣಗೆ. ಅದಕ್ಕೇ ಮ್ಯಾಟಿನ ಆರ್-ವ್ಯಾಲ್ಯೂ, ಅಂದರೆ ಬಿಸಿ ಸೋರದಂತೆ ಅದು ಎಷ್ಟು ತಡೆಯುತ್ತದೆ ಎನ್ನುವ ಅಂಕಿ, ನೋಡುವುದು. ಅಂಕಿ ದೊಡ್ಡದಾದಷ್ಟೂ ಬೆಚ್ಚಗೆ. ನಮ್ಮ ಕಡೆಗೆ 2ರ ಸುತ್ತಮುತ್ತ ಸಾಕು, ಲಡಾಖಿಗೆ 4ರ ಮೇಲಿರಲಿ.

ಗಾಳಿ ತುಂಬುವ ಮ್ಯಾಟ್ ಮಡಿಸಿದರೆ ನೀರಿನ ಬಾಟಲಿಯಷ್ಟೇ. ಆದರೆ ಒಂದು ಮುಳ್ಳು ಸಾಕು, ನಡುರಾತ್ರಿ ಮೆಲ್ಲಗೆ ನೆಲ ಸೇರುತ್ತೀರಿ. ಫೋಮ್ ಮ್ಯಾಟಿಗೆ ಆ ಭಯವಿಲ್ಲ. ನೋಡಲು ಚಂದವಿಲ್ಲ, ಜಾಗ ಜಾಸ್ತಿ. ಸೀಟಿನ ಹಿಂದೆ ಅಡ್ಡ ಕಟ್ಟಿದರೆ ಆಯ್ತು, ಮಳೆಯಲ್ಲಿ ನೆನೆದರೂ ಒರೆಸಿ ಮಲಗಬಹುದು. ನನ್ನ ಓಟು ಅದಕ್ಕೇ.

ನಮ್ಮಮ್ಮನ ಓಟು ಕಂಬಳಿಗೆ. "ಮನೆಯಲ್ಲಿ ಅಟ್ಟದ ಮೇಲೆ ಅಷ್ಟು ಚೆನ್ನಾಗಿರೋ ಕರಿಕಂಬಳಿ ಇದೆ, ಅಷ್ಟೊಂದು ದುಡ್ಡು ಕೊಟ್ಟು ಚೀಲದೊಳಗೆ ಮಲಗ್ತೀಯಲ್ಲೋ" ಅನ್ನುತ್ತಾಳೆ. ವಾದದಲ್ಲಿ ಅವಳೇ ಗೆಲ್ಲುವುದು. ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ. ಬೆಂಕಿಯ ಕಿಡಿ ಹಾರಿದರೆ ನೈಲಾನಿನಂತೆ ಕರಗಿ ತೂತಾಗುವುದಿಲ್ಲ. ಕುರಿಯ ಹಿಂದೆ ಊರೂರು ಅಲೆಯುವ ಕುರುಬರಿಗೆ ಇದನ್ನು ಯಾವ ಚೀಟಿಯೂ ಹೇಳಿಕೊಡಬೇಕಾಗಿಲ್ಲ. ಆದರೆ ಮಡಿಸಿದ ಕಂಬಳಿ ಸ್ಯಾಡಲ್ ಬ್ಯಾಗಿನೊಳಗೆ ಹೋದರೆ ಬೇರೆ ಏನೂ ಹೋಗುವುದಿಲ್ಲ. ಅವಳು ಜೊತೆಗೆ ಕೌದಿಯನ್ನೂ ತೆಗೆದಿಟ್ಟಿರುತ್ತಾಳೆ.

ದಿಂಬು ಮಾತ್ರ ಕೊಳ್ಳಬೇಡಿ. ರೈಡಿಂಗ್ ಜಾಕೆಟ್ ಮಡಿಸಿ ಬ್ಯಾಗಿನ ಖಾಲಿ ಚೀಲಕ್ಕೆ ತುರುಕಿದರೆ ಅದೇ ದಿಂಬು. ಮೊದಲು ಮೊಣಕೈಯ ಗಾರ್ಡ್ ತೆಗೆಯಿರಿ. ಇಲ್ಲದಿದ್ದರೆ ಬೆಳಿಗ್ಗೆ ಕೆನ್ನೆಯ ಮೇಲೆ ಅದರ ಅಚ್ಚು ಬಿದ್ದಿರುತ್ತದೆ.

ಇನ್ನು ಆ ತಕ್ಕಡಿಯ ಗೆಳೆಯ ಗೊರಕೆ ಹೊಡೆಯುತ್ತಾನೆ. ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು ತಡೆಯಲು ಹಾಕುವ ಇಯರ್‌ಪ್ಲಗ್ ಅದಕ್ಕೂ ಆಗುತ್ತದೆ. ಎರಡೂ ಸೇರಿ ಅವನ ತಕ್ಕಡಿಯಲ್ಲಿ ಅಂಕಿಯೇ ತೋರಿಸುವುದಿಲ್ಲ.